ಆಟದ ಕಳ್ಳಿ ಹಣ್ಣಿಗೆ ಮುಳ್ಳಿಲ್ಲ

ಪ್ರಶ್ನೆ: ನಾನು ವಿರಾಜಪೇಟೆ ಹತ್ತಿರದವನು, ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ರಾತ್ರಿ ಅಣ್ಣನ ಜೊತೆ ಗಿಲ್ಡ್ ವಾರ್ಸ್ 2 ಅನ್ನುವ ಕಂಪ್ಯೂಟರ್ ಆಟ ಆಡುತ್ತೇನೆ. ಅದರಲ್ಲಿ ಡ್ರೈ ಟಾಪ್ ಅನ್ನುವ ಒಣ ಸೀಮೆ ಇದೆ. ಅಲ್ಲಿ ಸಿಗುವ ಪ್ರಿಕ್ಲಿ ಪೇರ್ ಅನ್ನುವ ಕಳ್ಳಿ ಹಣ್ಣಿನಿಂದ ಅಡುಗೆ ಮಾಡುತ್ತೇವೆ. ಮೊನ್ನೆ ಕುಶಾಲನಗರದ ಕಡೆ ನೆಂಟರ ಮನೆಗೆ ಹೋದಾಗ ಬೇಲಿಯಲ್ಲಿ ಅದೇ ತರಹದ ಹಣ್ಣು ಕಂಡೆ. ಕೀಳಲು ಕೈ ಹಾಕಿದರೆ ಅಜ್ಜಿ ಬೈದರು. ಕಳ್ಳಿ ಹಾಲು ಬಿದ್ದರೆ ಕಣ್ಣು ಹೋಗುತ್ತದೆ ಅಂದರು. ಇದು ಆಟದ ಹಣ್ಣೇನಾ? ತಿನ್ನಬಹುದಾ? ನಮ್ಮ ಅಡುಗೆಗೆ ಹೊಂದುತ್ತದಾ? ಆಟದಲ್ಲಿ ತಿಂದರೆ ಶಕ್ತಿ ಬರುತ್ತದೆ, ನಿಜವಾಗಿಯೂ ಹಾಗೇನಾ?

ಉತ್ತರ: ನೀವು ಕಂಡದ್ದು ಪಾಪಾಸುಕಳ್ಳಿ. ಆಟದ ಹಣ್ಣಿಗೆ ಅದು ಹತ್ತಿರದ ನೆಂಟ. ತಿನ್ನಬಹುದು, ಅಡುಗೆಗೂ ಹೊಂದುತ್ತದೆ. ಹಾಗಂತ ಅಜ್ಜಿ ಹೇಳಿದ್ದು ಸುಳ್ಳಲ್ಲ. ಅವರು ಹೇಳಿದ್ದು ಇನ್ನೊಂದು ಗಿಡದ ಮಾತು. ಹೆಸರು ಒಂದೇ ಆಗಿರುವುದರಿಂದ ಎರಡೂ ಕಲೆಸಿಹೋಗಿವೆ. ಅದನ್ನು ಬಿಡಿಸಿ ಹೇಳದೆ ನಿಮ್ಮನ್ನು ಬೇಲಿಗೆ ಕಳಿಸಲು ನನಗೆ ಮನಸ್ಸಿಲ್ಲ.

ನಾನು ಮಡಿಕೇರಿಯಲ್ಲಿ 20 ವರ್ಷದಿಂದ ಮನೆಯಲ್ಲೇ ಜಾಮ್, ಸ್ಕ್ವಾಶ್, ಉಪ್ಪಿನಕಾಯಿ ಮಾಡುತ್ತಿದ್ದೇನೆ. ನಿಮ್ಮ ಆಟವೂ ನನಗೆ ಗೊತ್ತು. ಮಗಳು ಓದಲು ಬೆಂಗಳೂರಿಗೆ ಹೋದ ಮೇಲೆ ಅವಳೇ ಕಲಿಸಿದಳು. ಫೋನಿನಲ್ಲಿ ‘ಊಟ ಆಯ್ತಾ’ ಅಂತ ಕೇಳಿದರೆ ಮಾತು ಮುಗಿದುಹೋಗುತ್ತಿತ್ತು. ಆಟದಲ್ಲಿ ಇಬ್ಬರೂ ಕುಡುಗೋಲು ಹಿಡಿದು ಸೊಪ್ಪು, ಈರುಳ್ಳಿ, ಹಣ್ಣು ಕೊಯ್ಯುತ್ತಾ ಹೋದರೆ ಒಂದು ಗಂಟೆ ಮಾತಾಡುತ್ತೇವೆ. ಹಾಗಾಗಿ ನಿಮ್ಮ ಪ್ರಶ್ನೆ ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು.

ಮೊದಲು ಆಟದ ಮಾತು. ಡ್ರೈ ಟಾಪ್ 2014ರಲ್ಲಿ ಗಿಲ್ಡ್ ವಾರ್ಸ್ 2ಕ್ಕೆ ಸೇರಿತು. ಕೆಂಪು ಬಂಡೆ, ಮರಳು, ಒಣ ಗಾಳಿ. ಪ್ರತಿ ಗಂಟೆಯ 40ನೇ ನಿಮಿಷಕ್ಕೆ ದೂಳಿನ ಬಿರುಗಾಳಿ ಏಳುತ್ತದೆ, 20 ನಿಮಿಷ ಇರುತ್ತದೆ. ಪ್ರಿಕ್ಲಿ ಪೇರ್ ಜೊತೆಗೆ ನೋಪಾಲ್ ಅನ್ನುವ ಇನ್ನೊಂದು ಅಡುಗೆ ಸಾಮಾನೂ ಅಲ್ಲಿನದೇ. ಎರಡೂ ಒಂದೇ ಗಿಡದ ಭಾಗಗಳು. ಪ್ರಿಕ್ಲಿ ಪೇರ್ ಹಣ್ಣು, ನೋಪಾಲ್ ಎಂದರೆ ನಾವು ಎಲೆ ಅಂತ ತಪ್ಪಾಗಿ ಕರೆಯುವ ಹಸಿರು ಚಪ್ಪಟೆ ಕಾಂಡ. ನೋಪಾಲ್ ಮೆಕ್ಸಿಕೋ ದೇಶದ ಮಾತು. ಆ ದೇಶದ ಬಾವುಟದಲ್ಲಿ ಹದ್ದು ಕೂತಿರುವುದು ಇದೇ ಗಿಡದ ಮೇಲೆ. ಅಲ್ಲಿನ ಜನ ಹಣ್ಣನ್ನೂ ಕಾಂಡವನ್ನೂ ದಿನನಿತ್ಯ ತಿನ್ನುತ್ತಾರೆ. ಆಟ ಮಾಡಿದವರು ಆ ಅಡುಗೆಮನೆಯನ್ನು ನೋಡಿಯೇ ಇದನ್ನು ಸೇರಿಸಿದ್ದಾರೆ ಅಂತ ನನ್ನ ಎಣಿಕೆ.

ಕಳ್ಳಿ ಹಣ್ಣು ಬೇರೆ ಆಟಗಳಲ್ಲೂ ಇದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಓರ್ಕ್ ಅನ್ನುವ ಕುಲದ ಪಾತ್ರವಾಗಿ ಆಟ ಶುರು ಮಾಡಿದರೆ, ಡುರೋಟಾರ್ ಅನ್ನುವ ಸೀಮೆಯ ಕಣಿವೆಯಲ್ಲಿ ಗಾಲ್ಗಾರ್ ಅನ್ನುವವನು ಸಿಗುತ್ತಾನೆ. ಕಳ್ಳಿ ಸೇಬು ಹೆಕ್ಕಿ ತಾ ಅನ್ನುತ್ತಾನೆ. ತಂದು ಕೊಟ್ಟರೆ ಅವನೇ ತಿಂಡಿ ಮಾಡಿ ಕೊಡುತ್ತಾನೆ. ಸ್ಟಾರ್ಡ್ಯೂ ವ್ಯಾಲಿಯಲ್ಲಿ ಇನ್ನೂ ಚೆಂದದ ಒಂದು ನಿಯಮ ಇದೆ. ಅಲ್ಲಿ ಕಳ್ಳಿ ಬೀಜ ಕೊಂಡು ತಂದರೆ ಹೊಲದಲ್ಲಿ ನೆಡಲು ಆಗುವುದೇ ಇಲ್ಲ. ಮನೆಯೊಳಗೆ ಕುಂಡದಲ್ಲೋ ಗಾಜಿನ ಮನೆಯಲ್ಲೋ ಬೆಳೆಯಬೇಕು. 12 ದಿನಕ್ಕೆ ಮೊದಲ ಹಣ್ಣು, ಆಮೇಲೆ 3 ದಿನಕ್ಕೊಂದು. ಈ ನಿಯಮ ಓದಿದಾಗ ನನಗೆ ಅನಿಸಿದ್ದು, ಇದನ್ನು ಬರೆದವರು ನಮ್ಮ ಮಳೆಗಾಲ ಕಂಡಿರಬೇಕು ಅಂತ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಇಂಥ ನೆಲದಲ್ಲಿ ಪಾಪಾಸುಕಳ್ಳಿ ನೆಟ್ಟರೆ ಆಟಿ ತಿಂಗಳು ಮುಗಿಯುವುದರೊಳಗೆ ಬುಡ ಕೊಳೆಯುತ್ತದೆ. ನೀವು ಇದನ್ನು ವಿರಾಜಪೇಟೆಯಲ್ಲಿ ಕಾಣದೆ ಕುಶಾಲನಗರದಲ್ಲಿ ಕಂಡದ್ದು ಅದಕ್ಕೇ. ಅಲ್ಲಿಗೆ ಬರುವಷ್ಟರಲ್ಲಿ ಮಳೆ ತುಂಬಾ ಇಳಿದಿರುತ್ತದೆ. ಹೆಬ್ಬಾಲೆ, ಶಿರಂಗಾಲ ದಾಟಿ ಬಯಲುಸೀಮೆ ಮುಟ್ಟುವ ಹೊತ್ತಿಗೆ ಬೇಲಿಯ ಗಿಡಗಳೇ ಬೇರೆ. ಒಂದೇ ಜಿಲ್ಲೆಯಲ್ಲಿ, ಎರಡು ಗಂಟೆಯ ಬಸ್ ದಾರಿಯಲ್ಲಿ, ಹಾವಸೆಯಿಂದ ಕಳ್ಳಿಯವರೆಗೆ ಬರುತ್ತೀರಿ.

ಹಾಗಂತ ನಮ್ಮ ಮಳೆಯಲ್ಲಿ ಕಳ್ಳಿ ಜಾತಿಯೇ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಮನೆ ಜಗಲಿಯಲ್ಲಿ ಕುಂಡದಲ್ಲಿ ಬ್ರಹ್ಮಕಮಲ ಇದೆಯಾ? ಮಳೆಗಾಲದ ರಾತ್ರಿ ಅರಳಿ ಬೆಳಿಗ್ಗೆ ಬಾಡುವ ಬಿಳಿ ಹೂವು? ಅದು ಕಳ್ಳಿಯೇ. ಮಧ್ಯ ಅಮೆರಿಕದ ಮಳೆಕಾಡಿನಲ್ಲಿ ಮರದ ಮೇಲೆ ಬೆಳೆಯುವ, ಮುಳ್ಳಿಲ್ಲದ ಕಳ್ಳಿ. ಅದರ ಎಲೆ ಅಂತ ನಾವು ತುಂಡು ಮಾಡಿ ನೆಡುತ್ತೇವಲ್ಲ, ಅದೂ ಕಾಂಡವೇ. ಈಗ ಅಂಗಡಿಗಳಲ್ಲಿ ಸಿಗುವ ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿ ಹಣ್ಣೇ. ಈ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಅಜ್ಜಿಯ ಮಾತು. ಕನ್ನಡದಲ್ಲಿ ನಾವು ದಪ್ಪ ಕಾಂಡ, ಮುಳ್ಳು ಇರುವುದನ್ನೆಲ್ಲ ಕಳ್ಳಿ ಅಂದುಬಿಡುತ್ತೇವೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಕುಟುಂಬಗಳಿವೆ. ಬೊಂತೆಕಳ್ಳಿ, ಚದುರಗಳ್ಳಿ, ಹಾಲುಗಳ್ಳಿ ಅನ್ನುವವು ನಮ್ಮ ಕಡೆಯ ಹಳೆಯ ಗಿಡಗಳು. ಗೀರಿದರೆ ಬಿಳಿ ಹಾಲು ಒಸರುತ್ತದೆ. ಆ ಹಾಲು ಚರ್ಮಕ್ಕೆ ತಾಗಿದರೆ ಉರಿ, ಗುಳ್ಳೆ. ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಅಜ್ಜಿ ಹೆದರಿದ್ದು ಇದಕ್ಕೆ. ಇದನ್ನು ತಿನ್ನುವ ಮಾತೇ ಇಲ್ಲ.

ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಬಂದದ್ದು. ಅದನ್ನು ಗೀರಿದರೆ ಹಾಲು ಬರುವುದಿಲ್ಲ. ಬಸಳೆಯ ಹಾಗೆ ನೀರಾದ ಲೋಳೆ ಬರುತ್ತದೆ. ಮುಳ್ಳು ನೋಡಿಯೂ ಹೇಳಬಹುದು. ಹಾಲುಗಳ್ಳಿ ಜಾತಿಯ ಮುಳ್ಳು ಸಾಮಾನ್ಯವಾಗಿ ಜೋಡಿ ಜೋಡಿ. ಪಾಪಾಸುಕಳ್ಳಿಯಲ್ಲಿ ಒಂದು ಸಣ್ಣ ಉಣ್ಣೆಯಂಥ ಚುಕ್ಕೆ ಇರುತ್ತದೆ, ಅದರೊಳಗಿಂದ ಮುಳ್ಳುಗಳು ಗೊಂಚಲಾಗಿ ಹೊರಡುತ್ತವೆ. ಈ ಉಣ್ಣೆಯ ಚುಕ್ಕೆ ಕಳ್ಳಿ ಕುಟುಂಬದ ಗುರುತು, ಬೇರೆ ಯಾವುದರಲ್ಲೂ ಇಲ್ಲ. ನನಗೆ ಅನುಮಾನ ಬಂದರೆ ಉದ್ದ ಹಿಡಿಯ ಚಾಕುವಿನಿಂದ ಕಾಂಡದ ಅಂಚನ್ನು ಒಂದು ಸಲ ಗೀರುತ್ತೇನೆ, ಮುಖ ಆ ಕಡೆ ತಿರುಗಿಸಿಕೊಂಡು. ಬಿಳಿ ಕಂಡರೆ ಅಲ್ಲಿಗೆ ಬಿಟ್ಟುಬಿಡುತ್ತೇನೆ.

ಈ ಗಿಡ ನಮ್ಮ ಬೇಲಿಗೆ ಬಂದ ಕತೆ ನನಗೆ ಬಹಳ ಇಷ್ಟ. ಅದು ಹಣ್ಣಿಗಾಗಿ ಬಂದದ್ದಲ್ಲ. ಬಣ್ಣಕ್ಕಾಗಿ. ಕಳ್ಳಿಯ ಮೇಲೆ ಕೂತು ಅದರ ರಸ ಹೀರುವ ಒಂದು ಸಣ್ಣ ಹುಳ ಇದೆ, ಅದನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ. ಆ ಬಣ್ಣ ಸ್ಪೇನಿನವರ ಕೈಯಲ್ಲಿತ್ತು, ಬೆಲೆ ಜಾಸ್ತಿ. ಈಸ್ಟ್ ಇಂಡಿಯಾ ಕಂಪನಿಗೆ ಅದನ್ನು ಇಲ್ಲೇ ಸಾಕುವ ಆಸೆ. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಅನ್ನುವ ವೈದ್ಯರು ಹುಳಕ್ಕೆ ಮೇವಾಗಲಿ ಅಂತ ಕಳ್ಳಿಯ ತೋಟವನ್ನೇ ಬೆಳೆಸಿದರು. 1795ರಲ್ಲಿ ನೀಲ್ಸನ್ ಅನ್ನುವ ಕ್ಯಾಪ್ಟನ್ ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳ ತಂದ. ಆದರೆ ಬಂದದ್ದು ಅಸಲಿ ಹುಳ ಅಲ್ಲ, ಅದರ ಕಾಡು ತಮ್ಮ. ಬಣ್ಣ ಸಪ್ಪೆ, ಹೊಟ್ಟೆಬಾಕತನ ಮಾತ್ರ ಜೋರು. ಮೇವಿಗೆ ಅಂತ ಬೆಳೆಸಿದ ಕಳ್ಳಿಯನ್ನೇ ಅದು ತಿಂದು ಮುಗಿಸುತ್ತಾ ಹೋಯಿತು. ಮುಂದೆ ಅದು ಮುಟ್ಟದ ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದ ಒಣ ನೆಲವನ್ನೆಲ್ಲ ಆವರಿಸಿತು. ಅದನ್ನು ಹಿಡಿತಕ್ಕೆ ತರಲು 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಜಾತಿಯ ಹುಳ ತರಿಸಬೇಕಾಯಿತು. ನೀವು ಕಂಡ ಬೇಲಿ ಹೀಗೆ ಉಳಿದುಕೊಂಡ ಗಿಡಗಳದ್ದು.

ಇದನ್ನು ಹೇಳಿದ್ದು ಬರೀ ಕತೆಗಲ್ಲ. ಗಿಡದ ಮೇಲೆ ಬಿಳಿ ಹತ್ತಿಯಂತೆ ಅಂಟಿಕೊಂಡದ್ದು ಕಂಡರೆ ಅದು ಬೂಷ್ಟು ಅಲ್ಲ, ಇದೇ ಹುಳ. ಕಡ್ಡಿಯಿಂದ ಒತ್ತಿದರೆ ರಕ್ತದಂಥ ಕೆಂಪು ಬರುತ್ತದೆ. ಹುಳ ಹತ್ತಿದ ಗಿಡದ ಹಣ್ಣು ಸೊರಗಿರುತ್ತದೆ, ಬಿಟ್ಟುಬಿಡಿ. ಇನ್ನೊಂದು, ಶುಂಠಿ ಹೊಲದ ಅಂಚಿನ ಬೇಲಿಯ ಹಣ್ಣು ಬೇಡ. ಅಲ್ಲಿ ಔಷಧಿ ಹೊಡೆಯುತ್ತಾರೆ, ಗಾಳಿಗೆ ಅದು ಬೇಲಿಗೂ ಬೀಳುತ್ತದೆ. ಬೇಲಿ ಯಾರದೋ ಅವರನ್ನು ಕೇಳಿಯೇ ಕೀಳಿ.

ಈಗ ಆಟಕ್ಕೂ ನಿಜಕ್ಕೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬರುತ್ತೇನೆ. ಆಟದಲ್ಲಿ ಕುಡುಗೋಲು ಬೀಸಿದ ಕೂಡಲೇ ಹಣ್ಣು ಚೀಲಕ್ಕೆ ಬೀಳುತ್ತದೆ. ಚೀಲದಿಂದ ನೇರ ಒಲೆಗೆ. ನಡುವೆ ಏನೂ ಇಲ್ಲ. ನಮ್ಮ ಅಡುಗೆಯಲ್ಲಿ ಆ ನಡುವಿನ ಕೆಲಸವೇ ಮುಖ್ಯ ಅಲ್ವಾ? ಕಳಲೆ ಕಿತ್ತು ತಂದವರು ಅದೇ ದಿನ ಬೇಯಿಸುವುದಿಲ್ಲ. ಸಿಪ್ಪೆ ಸುಲಿದು, ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುತ್ತಾರೆ. ಇಲ್ಲದಿದ್ದರೆ ಅದರ ವಿಷ ಹೋಗದು. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಕಾಡಿನಿಂದ ಬಂದದ್ದು ಅಡುಗೆಯಾಗಬೇಕಾದರೆ ಯಾರದೋ ಕೈ ಅದರ ಮೇಲೆ ಕೆಲಸ ಮಾಡಬೇಕು. ಕಳ್ಳಿ ಹಣ್ಣಿಗೂ ಅಂಥ ಒಂದು ಕೆಲಸ ಇದೆ. ಅದನ್ನು ನಾನು ನೋವು ತಿಂದು ಕಲಿತೆ.

ಮೊದಲ ಸಲ ಹಣ್ಣು ಕೀಳಲು ಹೋದಾಗ ಉದ್ದ ಮುಳ್ಳುಗಳನ್ನು ತಪ್ಪಿಸಿಕೊಂಡು, ಎರಡು ಬೆರಳಿನಲ್ಲಿ ಮೆಲ್ಲಗೆ ಹಿಡಿದು ತಿರುಗಿಸಿದೆ. ಹಣ್ಣು ಸುಲಭವಾಗಿ ಬಂತು. ಇಷ್ಟೇನಾ ಅನಿಸಿತು. ಹತ್ತು ನಿಮಿಷದಲ್ಲಿ ಬೆರಳುಗಳೆಲ್ಲ ಚುಚ್ಚತೊಡಗಿದವು. ನೋಡಿದರೆ ಏನೂ ಕಾಣುವುದಿಲ್ಲ. ಹಣ್ಣಿನ ಮೇಲಿನ ಉಣ್ಣೆ ಚುಕ್ಕೆಗಳಲ್ಲಿ ಕೂದಲಿಗಿಂತ ತೆಳುವಾದ ಸುಂಕು ಇರುತ್ತದೆ, ನೂರಾರು. ಕಳಲೆಯ ಸಿಪ್ಪೆ ಮೇಲಿನ ಸುಂಕಿನ ಹಾಗೆ. ಆದರೆ ಇದರ ತುದಿಗೆ ಗಾಳದಂತೆ ಹಿಮ್ಮುಖ ಕೊಕ್ಕೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಕೈ ಉಜ್ಜಿದೆ, ಅದೇ ತಪ್ಪು. ಒಳಗೆ ಮುರಿದು ಕೂತವು. ಮೂರು ದಿನ ಅನ್ನ ಕಲಸಲು ಆಗಲಿಲ್ಲ.

ಹಾಗೆ ಆದರೆ ಏನು ಮಾಡಬೇಕು ಅಂತಲೂ ಹೇಳುತ್ತೇನೆ. ಉಜ್ಜಬೇಡಿ, ಬಾಯಿಗೆ ಬೆರಳಿಡಬೇಡಿ, ಕಣ್ಣು ಮುಟ್ಟಬೇಡಿ. ಒಳ್ಳೆ ಬೆಳಕಿನಲ್ಲಿ ಚಿಮುಟದಿಂದ ಸಿಕ್ಕಷ್ಟು ತೆಗೆಯಿರಿ. ಉಳಿದದ್ದಕ್ಕೆ ಮಕ್ಕಳು ಕಾಗದ ಅಂಟಿಸುವ ಬಿಳಿ ಗೋಂದು ತೆಳ್ಳಗೆ ಹಚ್ಚಿ, ಮೇಲೆ ತೆಳು ಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಒಂದೇ ಸಲಕ್ಕೆ ಎಳೆಯಿರಿ. ಬಟ್ಟೆಗೆ ಅಂಟಿಕೊಂಡು ಬರುತ್ತವೆ. ಒಮ್ಮೆಗೆ ಆಗದಿದ್ದರೆ ಇನ್ನೊಮ್ಮೆ.

ಈಗ ನಾನು ಕೈಯಿಂದ ಮುಟ್ಟುವುದೇ ಇಲ್ಲ. ಅಡುಗೆ ಮನೆಯ ಉದ್ದ ಇಕ್ಕಳದಿಂದ ಹಿಡಿದು ತಿರುಗಿಸುತ್ತೇನೆ, ನೇರ ಸ್ಟೀಲ್ ಡಬ್ಬಕ್ಕೆ. ಬಟ್ಟೆ ಚೀಲ ಬೇಡ, ಅದರಲ್ಲಿ ಸುಂಕು ಕೂತರೆ ಆ ಚೀಲವನ್ನೇ ಎಸೆಯಬೇಕು. ಗಾಳಿ ಬರುವ ಕಡೆ ಬೆನ್ನು ಮಾಡಿ ನಿಲ್ಲುತ್ತೇನೆ. ಹಸಿರು ಪೂರ್ತಿ ಹೋಗಿ, ಒಳ್ಳೆ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರಬೇಕು. ಅರ್ಧ ಕೆಂಪಾದದ್ದು ರುಚಿ ಇಲ್ಲ.

ಮನೆಗೆ ತಂದ ಮೇಲೆ ಒಲೆಯ ಉರಿ. ಹಣ್ಣನ್ನು ಇಕ್ಕಳದಲ್ಲೇ ಹಿಡಿದು, ಬದನೆಕಾಯಿ ಸುಡುವ ಹಾಗೆ, ಎಲ್ಲ ಕಡೆ ತಿರುಗಿಸುತ್ತಾ ಉರಿಗೆ ತೋರಿಸಿ. ಸುಂಕು ಚಿಟಿಚಿಟಿ ಅಂತ ಕಿಡಿಯಾಗಿ ಸುಟ್ಟುಹೋಗುತ್ತದೆ. ಹಣ್ಣು ಬೇಯಬಾರದು, ಮೈ ಮಾತ್ರ ಸುಡಬೇಕು. ಹಂಚು ಒಲೆಯ ಸೌದೆ ಉರಿ ಇದ್ದರೆ ಇನ್ನೂ ಸುಲಭ. ಆಮೇಲೆ ಹರಿಯುವ ನೀರಿನಲ್ಲಿ ಗಟ್ಟಿ ಬ್ರಷ್‌ನಿಂದ ತಿಕ್ಕಿ. ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಒಂದು ಗೀರು ಹಾಕಿ, ಫೋರ್ಕ್‌ನಿಂದ ಚುಚ್ಚಿ ಹಿಡಿದು ಸಿಪ್ಪೆ ಬಿಡಿಸಿ. ಒಳಗಿನ ಬಣ್ಣ ನೋಡಿದಾಗ ಈ ಕಷ್ಟವೆಲ್ಲ ಮರೆತುಹೋಗುತ್ತದೆ. ಅಂಥ ಕೆಂಪು ನೇರಳೆ ನಾನು ಬೇರೆ ಯಾವ ಹಣ್ಣಿನಲ್ಲೂ ನೋಡಿಲ್ಲ.

ಬೀಜ ಮಾತ್ರ ತುಂಬಾ, ಕಲ್ಲಿನ ಹಾಗೆ ಗಟ್ಟಿ. ಹಲ್ಲಿಗೂ ಒಳ್ಳೆಯದಲ್ಲ, ಜಾಸ್ತಿ ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಮಿಕ್ಸಿಗೆ ಹಾಕಿ ಬೀಜ ಒಡೆಯಬೇಡಿ. ಕಡಗೋಲಿನಿಂದ ಮಸೆದು, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಎರಡನೇ ಸಲ ಸೋಸುವುದು ಉಳಿದ ಸುಂಕಿಗಾಗಿ. ಈ ಸೋಸಿದ ರಸವೇ ನಮ್ಮ ಅಡುಗೆ ಸಾಮಾನು. ಗುಜರಾತಿನ ಕಛ್, ಸೌರಾಷ್ಟ್ರದ ಕಡೆ ಇದನ್ನು ಫಿಂಡ್ಲಾ ಅನ್ನುತ್ತಾರೆ, ಶರಬತ್ತು ಮಾಡಿ ಮಾರುತ್ತಾರೆ.

ರುಚಿ ಹೇಗಿರುತ್ತದೆ? ಇಲ್ಲಿ ಒಂದು ಎಚ್ಚರಿಕೆ. ಆಟದಲ್ಲಿರುವ, ಮೆಕ್ಸಿಕೋದವರು ಬೆಳೆಯುವ ಹಣ್ಣು ದಪ್ಪ, ಸಿಹಿ, ಹುಳಿ ತೀರಾ ಕಡಿಮೆ. ನಮ್ಮ ಬೇಲಿಯದು ಅದರ ಕಾಡು ನೆಂಟ. ಚಿಕ್ಕದು, ಹುಳಿ ಜಾಸ್ತಿ, ಸಿಹಿ ಕಡಿಮೆ. ಹಾಗಾಗಿ ಪರದೇಶದ ಪಾಕವಿಧಾನ ನೋಡಿ ‘ಎರಡು ನಿಂಬೆಹಣ್ಣು ಹಿಂಡಿ’ ಅಂದರೆ ಕಣ್ಣು ಮುಚ್ಚಿ ಹಿಂಡಬೇಡಿ. ಮೊದಲು ನಾಲಿಗೆಗೆ ಹಚ್ಚಿ ನೋಡಿ.

ಬಣ್ಣದ ವಿಷಯದಲ್ಲಿ ಕೊಡಗಿನವರಿಗೆ ಒಂದು ಪರಿಚಯದ ಅನುಭವ ಇದೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ. ತಿಂದ ಮರುದಿನ ಮೂತ್ರ ಕೆಂಪಾದರೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ, ಮದ್ದು ಒಳಗೆ ಹೋಯಿತು ಅನ್ನುತ್ತಾರೆ. ಕಳ್ಳಿ ಹಣ್ಣು ತಿಂದರೂ ಕೆಲವರಿಗೆ ಹಾಗೇ ಆಗುತ್ತದೆ. ಬೀಟ್‌ರೂಟಿನಲ್ಲಿರುವ ಬಣ್ಣದ ಕುಲವೇ ಇದರಲ್ಲೂ ಇರುವುದು. ಹೆದರಬೇಡಿ. ಆದರೆ ಅಡುಗೆಯಲ್ಲಿ ಇವೆರಡರ ನಡತೆ ಬೇರೆ. ಮದ್ದು ಸೊಪ್ಪಿನ ಬಣ್ಣ ಕುದಿಸಿದರೇ ಬಿಡುತ್ತದೆ. ಕಳ್ಳಿ ಹಣ್ಣಿನ ಬಣ್ಣ ಜಾಸ್ತಿ ಕುದಿಸಿದರೆ ಕೆಡುತ್ತದೆ, ಕೆಂಪು ಹೋಗಿ ಕಂದು ಆಗುತ್ತದೆ. ನಾನು ಮಾಡಿದ ಮೊದಲ ಜಾಮ್ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಅಲ್ಲಿಂದ ನಾನು ಕ್ರಮ ಬದಲಿಸಿದೆ. ಅರೆ ಮಾಗಿದ ಸೀಬೆಕಾಯಿ ಹೆಚ್ಚಿ ನೀರಿನಲ್ಲಿ ಬೇಯಿಸಿ ಸೋಸಿದರೆ ಲೋಳೆಯಂಥ ತಿಳಿ ಸಿಗುತ್ತದೆ. ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಅದರಲ್ಲಿ ಧಾರಾಳ, ಕಳ್ಳಿ ಹಣ್ಣಿನಲ್ಲಿ ಕಡಿಮೆ. ಒಂದು ಲೋಟ ಸೀಬೆ ತಿಳಿಗೆ ಒಂದೂವರೆ ಲೋಟ ಸಕ್ಕರೆ ಹಾಕಿ ಮೊದಲು ಅದನ್ನೇ ಕುದಿಸಿ ಪಾಕ ಬರಿಸುತ್ತೇನೆ. ಕೊನೆಗೆ ಒಂದು ಲೋಟ ಕಳ್ಳಿ ರಸ ಹಾಕಿ, ಅಗಲ ಬಾಣಲೆಯಲ್ಲಿ ಬೇಗ ಇಳಿಸುತ್ತೇನೆ. ಅಗಲ ಪಾತ್ರೆ ಯಾಕೆಂದರೆ ನೀರು ಬೇಗ ಆರಬೇಕು, ಬಣ್ಣ ಉರಿಯ ಮೇಲೆ ಕಡಿಮೆ ಹೊತ್ತು ಇರಬೇಕು.

ಥರ್ಮಾಮೀಟರ್ ಇಟ್ಟು ಮಾಡುವವರಿಗೆ ಒಂದು ಮಾತು. ಪುಸ್ತಕಗಳಲ್ಲಿ ಜಾಮ್ 105 ಡಿಗ್ರಿಗೆ ಇಳಿಸಿ ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ 1100 ಮೀಟರಿಗೂ ಎತ್ತರ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಜಾಮ್ 101 ಡಿಗ್ರಿ ಹತ್ತಿರ ಬಂದಾಗಲೇ ಆಗಿರುತ್ತದೆ. 105ಕ್ಕೆ ಕಾದು ನಿಂತರೆ ಅಂಟು ಪಾಕವಾಗಿ ಸೀದುಹೋಗುತ್ತದೆ. ನಾನು ಕಲಿಸುವ ಹೆಣ್ಣುಮಕ್ಕಳು ಅತಿ ಹೆಚ್ಚು ಜಾಮ್ ಹಾಳು ಮಾಡಿಕೊಂಡದ್ದು ಈ ಒಂದು ಅಂಕಿಯಿಂದ.

ಅಡುಗೆಗೆ ಹೊಂದುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಆಟದಲ್ಲಿ ನನಗೆ ತುಂಬಾ ಹಿಡಿಸಿದ್ದು ಅಡುಗೆ ‘ಕಂಡುಹಿಡಿಯುವ’ ಬಗೆ. ಪಾಕವಿಧಾನ ಗೊತ್ತಿಲ್ಲದಿದ್ದರೂ ನಾಲ್ಕರವರೆಗೆ ಸಾಮಾನು ಜೋಡಿಸಿ ನೋಡಬಹುದು. ಹೊಂದಿದರೆ ಹೊಸ ಅಡುಗೆ ಸಿಗುತ್ತದೆ. ಮಗಳು ಒಂದು ರಾತ್ರಿ ಕೇಳಿದಳು, ‘ಅಮ್ಮಾ, ನಮ್ಮ ಮನೆ ಸಾಮಾನಿನಲ್ಲಿ ಇದಕ್ಕೆ ಯಾವ ಮೂರು ಜೋಡಿಸ್ತೀಯ?’ ನಾನು ಮರುದಿನವೇ ಒಲೆ ಹಚ್ಚಿದೆ.

ಮೊದಲು ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ ಜೋಡಿಸಿದೆ. ಕೈ ಮೊದಲು ಅದಕ್ಕೇ ಹೋಗುತ್ತದೆ. ಹೊಂದಲಿಲ್ಲ. ಹಣ್ಣೇ ಹುಳಿ, ಕಾಚಂಪುಳಿ ಇನ್ನೂ ಹುಳಿ, ಅದರ ಮೇಲೆ ಕಪ್ಪು. ಆ ಚೆಂದದ ಕೆಂಪು ಮಸಿಯಾಯಿತು. ಕಾಚಂಪುಳಿಯ ಜಾಗ ಹಂದಿ ಮಾಂಸದ ಜೊತೆ, ಅಲ್ಲಿ ಅದನ್ನು ಬೇರೆ ಯಾವುದೂ ತುಂಬಲಾರದು. ಎರಡನೇ ಸಲ ಗಾಂಧಾರಿ ಮೆಣಸು, ಜೇನು, ಉಪ್ಪು. ಇದು ಹೊಂದಿತು. ನಾಲ್ಕು ಗಾಂಧಾರಿ ಮೆಣಸನ್ನು ಉಪ್ಪಿನ ಜೊತೆ ಕಲ್ಲಿನಲ್ಲಿ ಜಜ್ಜಿ, ಅರ್ಧ ಲೋಟ ಕಳ್ಳಿ ರಸ, ಎರಡು ಚಮಚ ಜೇನು ಬೆರೆಸಿ. ಒಲೆಯ ಕೆಲಸವೇ ಇಲ್ಲ, ಅದಕ್ಕೇ ಬಣ್ಣ ಹಾಗೇ ಉಳಿಯುತ್ತದೆ. ಬಿಸಿ ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿ) ಜೊತೆ ಪಜ್ಜಿಯ, ಅಂದರೆ ಚಟ್ನಿಯ ಹಾಗೆ ತಿನ್ನಿ. ಸುಟ್ಟ ಹಂದಿ ಮಾಂಸಕ್ಕೂ ಚೆನ್ನ. ಒಂದು ಚಿಟಿಕೆ ನಮ್ಮ ತೋಟದ ಕಾಳುಮೆಣಸು ಪುಡಿ ಹಾಕಿದರೆ ಇನ್ನೂ ಚೆನ್ನ, ಆಗ ಆಟದ ಲೆಕ್ಕ ಮೀರಿ ಐದಾಗುತ್ತದೆ. ಅದೇ ದಿನ ಮುಗಿಸಿ, ಇದು ಇಡುವ ಪದಾರ್ಥ ಅಲ್ಲ.

ನೋಪಾಲ್ ಪ್ರಯೋಗಕ್ಕೆ ನಮ್ಮ ಬೇಲಿಯ ಕಾಂಡ ಬೇಡ. ಮುಳ್ಳು ವಿಪರೀತ, ಸಿಗುವುದು ಕಡಿಮೆ. ಮೆಕ್ಸಿಕೋದವರು ತಿನ್ನುವುದು ಮುಳ್ಳು ಕಡಿಮೆ ಇರುವ ಸಾಕಿದ ಜಾತಿಯ ಎಳೆ ಕಾಂಡ. ಅದರ ಲೋಳೆ ಹೋಗಲು ಅವರು ಮಾಡುವುದನ್ನು ನಾವು ಬೆಂಡೆಕಾಯಿಗೆ ದಿನಾ ಮಾಡುತ್ತೇವೆ, ಮುಚ್ಚದೆ ಒಣಗುವವರೆಗೆ ಹುರಿಯುವುದು.

ಶಕ್ತಿಯ ಪ್ರಶ್ನೆಗೆ ಸುಮ್ನೆ ಉಬ್ಬಿಸಿ ಹೇಳುವುದಿಲ್ಲ. ಆಟದಲ್ಲಿ ಒಂದು ತುತ್ತು ತಿಂದರೆ ಅರ್ಧ ಗಂಟೆ ಬಲ ಏರುತ್ತದೆ. ಅದು ಆಟದ ಅನುಕೂಲ. ನಿಜವಾದ ಹಣ್ಣಿನಲ್ಲಿ ಸಿ ವಿಟಮಿನ್, ನಾರು, ಮೆಗ್ನೀಸಿಯಮ್ ಇವೆ, ಒಂದು ಒಳ್ಳೆ ಹಣ್ಣಿನಲ್ಲಿ ಇರುವಷ್ಟು. ಕಳ್ಳಿ ಹಣ್ಣಿನ ರಸ ಕುಡಿದರೆ ಶುಗರ್ ಹೋಗುತ್ತದೆ, ರಕ್ತ ಏರುತ್ತದೆ ಅಂತ ಬಾಟಲಿ ಮಾರುವವರಿದ್ದಾರೆ. ಮನೆಯಲ್ಲಿ ಯಾರಾದರೂ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಂಬಿ ಮಾತ್ರೆ ಬಿಡಿಸಬೇಡಿ. ಇದನ್ನು ಹಣ್ಣು ಅಂತ ತಿನ್ನಿ, ಔಷಧಿ ಅಂತ ಬೇಡ. ಮೊದಲ ಸಲ ಎರಡು ಚಮಚ ರಸ ಸಾಕು.

ಇಷ್ಟೆಲ್ಲ ಓದಿ ಕೈ ನಡುಗಿದರೆ ಡ್ರ್ಯಾಗನ್ ಫ್ರೂಟಿನಿಂದ ಶುರು ಮಾಡಿ. ಒಳಗೆ ಕೆಂಪು ಇರುವ ಜಾತಿಯನ್ನೇ ಕೇಳಿ ತನ್ನಿ. ಅದರ ಬಣ್ಣವೂ ಇದೇ ಕುಲದ್ದು. ಸುಂಕಿಲ್ಲ, ಬೀಜ ಎಳ್ಳಿನಷ್ಟು, ಹಾಗೇ ತಿನ್ನಬಹುದು. ಸಪ್ಪೆಯಾಗಿರುವುದರಿಂದ ಮೇಲಿನ ಪಜ್ಜಿಗೆ ಅರ್ಧ ನಿಂಬೆಹಣ್ಣು ಹಿಂಡಬೇಕು, ಜೇನು ಒಂದೇ ಚಮಚ ಸಾಕು. ಕೈ ಕುದುರಿದ ಮೇಲೆ ಬೇಲಿಗೆ ಹೋಗಿ.

ಹೋಗುವಾಗ ಇಕ್ಕಳ, ಡಬ್ಬ, ಉದ್ದ ಹಿಡಿಯ ಚಾಕು ಇಟ್ಟುಕೊಳ್ಳಿ. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಸ್ವಲ್ಪ ದೂರ ನಿಲ್ಲಿಸಿ, ಕಾಂಡದ ಅಂಚನ್ನು ಗೀರಿ ತೋರಿಸಿ. ಬಿಳಿ ಹಾಲು ಬರಲಿಲ್ಲ ಅಂತ ಅವರೇ ಕಣ್ಣಾರೆ ನೋಡಲಿ. ಆಮೇಲೆ ಹಣ್ಣು ಕಿತ್ತು ಅವರ ಒಲೆಗೇ ಕೊಡಿ, ಸುಂಕು ಸುಡುವುದು ಹೇಗೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಕೈ ಓಡುತ್ತದೆ.